ಶ್ರೀಶೈಲ ಶೇಂಗಾ ಬಿಟ್ಟದ್ದು

ನನ್ನ ಹೆಸರು ಶ್ರೀಶೈಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಅನಾಹುತದಲ್ಲಿ ಅರ್ಧ ತಪ್ಪು ಈ ಹೆಸರಿನದು. ಉಳಿದರ್ಧ ಶೇಂಗಾದ್ದು. ನನ್ನದೇನೂ ಇಲ್ಲ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಇಪ್ಪತ್ತಾರು ವರ್ಷ ಮಕ್ಕಳಿಂದ ಮಾವಿನಹಣ್ಣು ಬರೆಸಿಕೊಂಡು ಮರ್ಯಾದೆಯಿಂದ ಬದುಕಿದವನು ನಾನು.

ಮೂರು ವರ್ಷದ ಹಿಂದೆ ಒಂದು ಸಂಜೆ ಒಂದು ಮುಷ್ಟಿ ಹುರಿದ ಶೇಂಗಾ ತಿಂದೆ. ಹತ್ತು ನಿಮಿಷದಲ್ಲಿ ತುಟಿ ಉಬ್ಬಿದವು, ಕಣ್ಣು ಮುಚ್ಚಿಕೊಂಡವು, ಗಂಟಲು ಬಿಗಿಯಿತು. ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿ, “ಇವತ್ತಿನಿಂದ ಶೇಂಗಾ ಬಂದ್. ಒಂದು ಕಾಳೂ ಮುಟ್ಟಬೇಡಿ. ಮುಂದಿನ ಸಲ ಗಂಟಲು ಪೂರ್ತಿ ಮುಚ್ಚಿದರೆ ಇಲ್ಲಿತನಕ ಬರುವ ತ್ರಾಸೂ ನಿಮಗಿರುವುದಿಲ್ಲ” ಎಂದರು.

ನಮ್ಮ ಕಡೆ ಶೇಂಗಾ ಬಿಟ್ಟು ಉಣ್ಣು ಎನ್ನುವುದು ಮೀನಿಗೆ ನೀರು ಮುಟ್ಟಬೇಡ ಅಂದ ಹಾಗೆ. ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿ, ಬದನೆಕಾಯಿಯ ಹೊಟ್ಟೆಯಲ್ಲಿ ಶೇಂಗಾ, ಚುರುಮುರಿಯಲ್ಲಿ ಶೇಂಗಾ, ಉಪವಾಸ ಅಂತ ಸಾಬೂದಾನಿ ಮಾಡಿದರೆ ಅದರಲ್ಲೂ ಶೇಂಗಾ. ಹಬ್ಬಕ್ಕೆ ಶೇಂಗಾ ಹೋಳಿಗೆ, ಪಂಚಮಿಗೆ ಶೇಂಗಾ ಉಂಡಿ. ಬಸ್ಸು ತಡವಾದರೆ ಸ್ಟ್ಯಾಂಡಿನಲ್ಲಿ ಶೇಂಗಾ, ಬಸ್ಸು ಬಂದರೆ ಕಿಟಕಿಯಲ್ಲಿ ಶೇಂಗಾ. ಆದರೂ ನಾನು ಬಿಟ್ಟೆ. ನನ್ನ ಸಿಟ್ಟು ಶೇಂಗಾದ ಮೇಲಲ್ಲ, ಅದು ಪಾಪ ನೆಲದೊಳಗೆ ತನ್ನಷ್ಟಕ್ಕೆ ಬೆಳೆಯುತ್ತದೆ. ನನ್ನ ಸಿಟ್ಟೆಲ್ಲ ಊಟಕ್ಕೆ ಕರೆಯುವ ಜನರ ಮೇಲೆ.

ನಮ್ಮ ಮಗ್ಗುಲ ಮನೆಯ ಯಮನಪ್ಪನ ವಾಸ್ತುಶಾಂತಿಯ ಸಂಗತಿಯನ್ನೇ ತೆಗೆದುಕೊಳ್ಳಿ. ಪಂಕ್ತಿಗೆ ಕೂಡುವ ಮೊದಲೇ ನಾನು ಅವನನ್ನು ಬದಿಗೆ ಕರೆದೆ.

“ಯಮನಪ್ಪಣ್ಣ, ನನಗ ಶೇಂಗಾ ಅಲರ್ಜಿ ಐತ್ರಿ. ಡಾಕ್ಟರ್ ಹೇಳ್ಯಾರ.”

“ಅಲರ್ಜಿ?” ಯಮನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಅದು ಬೆಂಗಳೂರ ಮಂದಿಗೆ ಬರೂದ್ರಿ ಮಾಸ್ತರ. ನೀವು ಇಲ್ಲೇ ಹುಟ್ಟಿ ಇಲ್ಲೇ ಬೆಳದವರು, ನಿಮಗ ಹೆಂಗ ಬರತೈತಿ?”

ರೋಗ ಕೂಡ ರಹವಾಸಿ ದಾಖಲೆ ನೋಡಿ ಬರುತ್ತದೆಂದು ಅವತ್ತೇ ನನಗೆ ತಿಳಿದದ್ದು.

ಅವನ ಹೆಂಡತಿ ಕೃಷ್ಣವ್ವ ಬದನೆಕಾಯಿ ಎಣ್ಣೆಗಾಯಿಯ ಪಾತ್ರೆ ಹಿಡಿದು ಬಂದಳು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

“ಇದರಾಗ ಶೇಂಗಾ ಐತೇನ್ರಿ ಅಕ್ಕಾರ?”

“ಇಲ್ಲೇ ಇಲ್ರಿ! ನೀವು ಹೇಳಿದ್ರಂತ ಒಂದ ಕಾಳ ಸೈತ ಹಾಕಿಲ್ರಿ.”

ನಂಬಿದೆ. ಎರಡನೆಯ ತುತ್ತಿಗೆ ನಾಲಿಗೆ ತುರಿಸತೊಡಗಿತು.

“ಅಕ್ಕಾರ, ಇದರಾಗ ಶೇಂಗಾ ಐತ್ರಿ!”

“ಶೇಂಗಾ ಎಲ್ಲೈತ್ರಿ ಮಾಸ್ತರ? ಬರೇ ಪುಡಿ ಐತಿ.”

ಹೀಗೆ ಹೇಳಿದ ಹೆಂಗಸಿನ ಮುಖದಲ್ಲಿ ಒಂದು ಎಳೆಯಷ್ಟೂ ಅಳುಕಿರಲಿಲ್ಲ. ಶೇಂಗಾ ಬೇರೆ, ಶೇಂಗಾ ಪುಡಿ ಬೇರೆ ಎಂಬ ಶಾಸ್ತ್ರವನ್ನು ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಕೇಳಿದೆ. ಅವತ್ತು ಮಾತ್ರ ಉತ್ತರ ಕೊಡಲು ಹೋದಾಗ ನನ್ನ ತುಟಿ ಮಾತಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಮಂದಿ ಉಣ್ಣುವುದು ಬಿಟ್ಟು ನನ್ನ ಮುಖ ಊದುವುದನ್ನು ನೋಡತೊಡಗಿದರು.

“ಅಯ್ಯ ಯವ್ವಾ, ಯಾರದೋ ದೃಷ್ಟಿ ಆತು!” ಎಂದು ಕೃಷ್ಣವ್ವ ಓಡಿಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಮುಖಕ್ಕೆ ಇಳಿ ತೆಗೆದು ಕೆಂಡಕ್ಕೆ ಹಾಕಿದಳು. ಉಸಿರಿಗೆ ಒದ್ದಾಡುತ್ತಿರುವ ಮನುಷ್ಯನ ಮೂಗಿನ ಬುಡದಲ್ಲಿ ಮೆಣಸಿನಕಾಯಿಯ ಹೊಗೆ!

“ಒಂಚೂರು ಘಾಟ ಇಲ್ಲ ನೋಡ್ರಿ, ಭಾಳ ಕೆಟ್ಟ ದೃಷ್ಟಿ!” ಎಂದಳು.

ಘಾಟು ಇತ್ತು. ಅದು ಇತ್ತೆಂದು ಹೇಳಲು ನನಗೆ ದನಿ ಇರಲಿಲ್ಲ ಅಷ್ಟೇ.

ಎದುರು ಮನೆಯ ದಸ್ತಗೀರಸಾಬರು ಕ್ರೂಸರ್ ಗಾಡಿ ಓಡಿಸುವವರು. ಆ ನೂರು ಮಂದಿಯಲ್ಲಿ ಅವರೊಬ್ಬರೇ, “ಮಾಸ್ತರ, ಏನ ತಿಂದ್ರಿ?” ಎಂದು ಕೇಳಿದರು. ಆಮೇಲೆ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೊಡೆದರು. ಎರಡು ಇಂಜೆಕ್ಷನ್ ಆದ ಮೇಲೆ ನಾನು ಈ ಲೋಕದಲ್ಲಿ ಉಳಿದೆ.

ಮರುದಿನ ಯಮನಪ್ಪ ಬಂದ. ತಪ್ಪಾಯಿತು ಅನ್ನಲು ಬಂದಿರಬೇಕು ಎಂದು ನಾನು ಕುರ್ಚಿ ಕೊಟ್ಟೆ. ಅವನು ಕೂಡಲಿಲ್ಲ.

“ಏನ್ರಿ ಮಾಸ್ತರ, ವಾಸ್ತುಶಾಂತಿ ದಿವಸ ನಮ್ಮ ಮನ್ಯಾಗಿಂದ ನೆಟ್ಟಗ ದವಾಖಾನಿಗೆ ಹೋಗೂದಾ? ಮಂದಿ ಏನ ತಿಳಕೊಂಡಾರು? ಇನ್ನೊಂದ ತಾಸ ತಡಕೊಂಡಿದ್ರ ಏನ ಆಗತಿತ್ತು?”

“ಸಾಯತಿದ್ದೆ.”

“ಅದನ್ನ ನಿಮ್ಮ ಮನಿಗೆ ಹೋಗಿ ಮಾಡಬಹುದಿತ್ತಲ್ರಿ!”

ಎರಡು ತಿಂಗಳು ನಾವು ಮಾತು ಬಿಟ್ಟೆವು. ಬಿಟ್ಟದ್ದು ಅವನು. ಸಿಟ್ಟು ಬರಬೇಕಾದದ್ದು ನನಗೆ, ಬಂದದ್ದು ಅವನಿಗೆ. ಇದು ಯಾವ ನ್ಯಾಯ, ನೀವೇ ಹೇಳಿ.

ಇಷ್ಟರಲ್ಲಿ ನನ್ನ ಮಗಳು ಐಶ್ವರ್ಯಾಳಿಗೆ ರಾಮದುರ್ಗ ತಾಲೂಕಿನ ಸುರೇಬಾನದಿಂದ ಸಂಬಂಧ ಬಂತು. ಹುಡುಗ ಅರ್ಜುನ, ರಾಮದುರ್ಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಮೊದಲು ಬಂದ ಇಬ್ಬರು ವರರನ್ನು ಮುಖ ನೋಡದೇ ಬೇಡ ಅಂದಿದ್ದ ಹುಡುಗಿ ಈ ಅರ್ಜುನ ಬಂದು ಹೋದ ಮೇಲೆ ಎರಡು ದಿನ ಹಾಡು ಗುನುಗುತ್ತ ಓಡಾಡಿದಳು. ಮಧ್ಯಸ್ಥ ನನ್ನ ಹೆಂಡತಿ ಗಂಗಾಳ ತಮ್ಮ, ಸವದತ್ತಿಯ ಕಲ್ಮೇಶ. ಇನ್ನು ನಾವು ಹೋಗಿ ಅವರ ಮನೆ ನೋಡಿ ಬರುವುದೊಂದು ಬಾಕಿ ಇತ್ತು. ಮನೆ ನೋಡುವುದೆಂದರೆ ಊಟ. ಊಟವೆಂದರೆ ಶೇಂಗಾ.

“ಮೊದಲ ಫೋನ್ ಮಾಡಿ ಅಲರ್ಜಿ ಐತಿ ಅಂತ ಹೇಳು” ಎಂದೆ ಕಲ್ಮೇಶನಿಗೆ.

ಅವನು ಬೆಚ್ಚಿಬಿದ್ದ. “ಏ ಮಾಮಾ, ಹುಚ್ಚ ಹಿಡದೈತೇನ್ರಿ? ಹುಡಗಿ ಅಪ್ಪಗ ರೋಗ ಐತಿ ಅಂದ್ರ ಮನೆತನದಾಗ ರೋಗ ಐತಿ ಅಂತಾರ. ಸುಮ್ಮ ಬಿಟ್ಟಾರ ಅಂತೇನಿ.”

ನಮ್ಮ ಅಂಗಳದ ಮೂಲೆಯಲ್ಲಿ ಕಟ್ಟೆಯ ಮೇಲೆ ನಿಂತರೆ ಮಾತ್ರ ಮೊಬೈಲು ಹಿಡಿಯುತ್ತದೆ. ಕಲ್ಮೇಶ ಅಲ್ಲಿ ನಿಂತು ಫೋನು ಹಚ್ಚಿದ. ಆ ಕಡೆ ಎತ್ತಿದವರು ಹುಡುಗನ ಅಜ್ಜಿ ಸೋಮವ್ವ, ಎಪ್ಪತ್ತೆಂಟು ವರ್ಷದವರು, ಒಂದು ಕಿವಿ ಸ್ವಲ್ಪ ಮಂದ.

“ಅವ್ವಾರ, ನಮ್ಮ ಶ್ರೀಶೈಲ ಮಾಮಾ ಶೇಂಗಾ ಬಿಟ್ಟಾರ್ರಿ! ಊಟಕ್ಕ ನೋಡಿ ಮಾಡ್ರಿ. ಹಾಂ? ಶ್ರೀಶೈಲ! ಶ್ರೀಶೈಲ ಮಾಮಾ! ಶೇಂಗಾ! ಬಿಟ್ಟಾರ!”

ಓಣಿಗೆಲ್ಲ ಕೇಳುವಂತೆ ಕೂಗಿ, “ತಿಳೀತಂತ” ಎಂದು ಕೆಳಗಿಳಿದ.

ತಿಳಿದದ್ದು ಏನೆಂದು ನಮಗೆ ಸುರೇಬಾನದಲ್ಲಿ ಗೊತ್ತಾಯಿತು. ನಮ್ಮ ಕಡೆ ಯಾತ್ರೆಗೆ ಹೋದವರು ತಮಗೆ ಪ್ರೀತಿಯಾದ ಒಂದು ತಿನಿಸನ್ನು ದೇವರ ಹೆಸರಿನಲ್ಲಿ ಬಿಟ್ಟು ಬರುವುದುಂಟು. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನಿಗೆ ಹೆಗಲ ಮೇಲೆ ಹರಕೆಯ ಕಂಬಿ ಹೊತ್ತು ನಡೆದು ಹೋಗುವವರಂತೂ ಊರಿಗೆ ಹತ್ತು ಮಂದಿ. ಸೋಮವ್ವನ ಒಂದು ಕಿವಿಗೆ ಬಿದ್ದದ್ದು, “ಮಾಮಾ ಶ್ರೀಶೈಲಕ್ಕ ಹೋಗಿ ಶೇಂಗಾ ಬಿಟ್ಟಾರ” ಎಂದು.

ದಸ್ತಗೀರಸಾಬರ ಗಾಡಿಯಿಂದ ನಾನು ಇಳಿಯುತ್ತಲೇ ಆ ಮುದುಕಿ ತಂಬಿಗೆ ಹಿಡಿದು ಬಾಗಿಲಿಗೆ ಬಂದರು. “ಬರ್ರಿ, ಬರ್ರಿ. ಮಲ್ಲಯ್ಯನ ಪಾದಾ ಮುಟ್ಟಿದ ಪುಣ್ಯವಂತರು” ಎಂದು ನನ್ನ ಕಾಲಿಗೆ ನೀರು ಹಾಕಿದರು. ರಾಮದುರ್ಗದ ಕಡೆಯ ಮರ್ಯಾದೆಯ ರೀತಿ ಇದಾಗಿರಬೇಕೆಂದು ನಾನು ಕಾಲು ಮುಂದೆ ಮಾಡಿದೆ.

ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಅಳುವೇ ಬಂತು.

“ನಿಮ್ಮ ಅಡಿಗಿ ಬ್ಯಾರೇನ ಮಾಡೇನ್ರಿ. ಶೇಂಗಾ ಕುಟ್ಟಿದ ಒಳಕಲ್ಲ ಬ್ಯಾಡಂತ ಹೊಸಾದ ತರಿಸೇನಿ. ಶೇಂಗಾ ಎಣ್ಣಿ ಸೈತ ಮುಟ್ಟಿಲ್ಲ. ಪಾತ್ರಿ ಮೂರ ಸಲ ಬೂದಿ ಹಚ್ಚಿ ತಿಕ್ಕೇನಿ. ಬಡಿಸೂ ಸೌಟ ಸೈತ ಬ್ಯಾರೆ.”

ಬೆಳಗಾವಿಯ ಡಾಕ್ಟರು ಹೇಳಿದ್ದು ಇದನ್ನೇ. ಅಕ್ಷರಕ್ಕೆ ಅಕ್ಷರ ಇದನ್ನೇ! ಮೂರು ವರ್ಷ ನಾನು ಕಂಡಕಂಡವರಿಗೆ ಬೇಡಿಕೊಂಡದ್ದು ಇದನ್ನೇ. ಆಗ ಇಡೀ ಊರು ನಕ್ಕಿತ್ತು. ಡಾಕ್ಟರು ಹೇಳಿದರೆ ಸೊಕ್ಕು, ಮಲ್ಲಯ್ಯ ಹೇಳಿದರೆ ಮೂರು ಸಲ ಬೂದಿ!

ಅಗಸೆ ಚಟ್ನಿ, ಝುಣಕ, ಬಿಸಿ ರೊಟ್ಟಿ, ಕಡಲೆಬೇಳೆ ಹೋಳಿಗೆ. ಮೂರು ವರ್ಷದಲ್ಲಿ ಮೊದಲ ಸಲ ಪರರ ಮನೆಯಲ್ಲಿ ಹೆದರದೆ ಉಂಡೆ. ನನ್ನ ಬಾಯಿ ಮೂರನೆಯ ಹೋಳಿಗೆಯಿಂದ ತುಂಬಿದ್ದಾಗ ಹುಡುಗನ ತಂದೆ ರಾಚಪ್ಪನವರು ಕೇಳಿದರು.

“ಶ್ರೀಶೈಲಕ್ಕ ನಡಕೊಂತ ಹೋಗಿದ್ರೇನ್ರಿ?”

ಆಗ ನಾನು ನುಂಗಿ, ನೀರು ಕುಡಿದು, “ಇಲ್ಲ” ಅನ್ನಬೇಕಿತ್ತು. ಆದರೆ ಹೋಳಿಗೆಗೆ ತುಪ್ಪ ಜಾಸ್ತಿ ಹಾಕಿದ್ದರು, ಬೇಗ ನುಂಗುವಂತಿರಲಿಲ್ಲ.

“ಹೂಂ” ಎಂದೆ.

“ಕಂಬಿ ಹೊತ್ತಿದ್ರಿ?”

“ಹೂಂ.”

“ಬರಿಗಾಲಲೆ?”

“ಹೂಂ.”

ಉಣ್ಣುವಾಗ ಮಾತನಾಡಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ತಿರುಗಿ ಬರುವಾಗ ಗಾಡಿ ಹೂಲಿ ಊರು ದಾಟುತ್ತಲೇ ಗಂಗಾ ಶುರು ಮಾಡಿದಳು.

“ಬರಿಗಾಲಲೆ ಶ್ರೀಶೈಲಕ್ಕ ಯಾವಾಗ ಹೋಗಿದ್ರಿ? ಲಗ್ನಾಗಿ ಇಪ್ಪತ್ನಾಲ್ಕ ವರ್ಷ ಆತು, ಯಲ್ಲಮ್ಮನ ಗುಡ್ಡಕ್ಕ ಕರಕೊಂಡ ಹೋಗ್ರಿ ಅಂದ್ರ ಮೊಣಕಾಲ ನೋಯತಾವ ಅಂದವರು ನೀವು!”

“ಛಲೋ ಆತ ಬಿಡಕ್ಕಾ” ಎಂದ ಕಲ್ಮೇಶ. “ರೋಗ ಅಂದಿದ್ರ ಸಂಶೇ ಬರತಿತ್ತು. ಈಗ ಭಕ್ತಿ ಆತು.”

ದಸ್ತಗೀರಸಾಬರು ಕನ್ನಡಿಯಲ್ಲಿ ನನ್ನನ್ನು ನೋಡಿ, “ಇದು ಮುಂದ ಉಲ್ಟಾ ಹೊಡಿತೈತ್ರಿ ಮಾಸ್ತರ” ಎಂದರು. ಅವರ ಮಾತಿಗೆ ಅವತ್ತು ಯಾರೂ ಬೆಲೆ ಕೊಡಲಿಲ್ಲ.

ಕಲ್ಮೇಶನ ಬಾಯಿಂದ ಸುದ್ದಿ ಒಂದೇ ವಾರದಲ್ಲಿ ಬೈಲಹೊಂಗಲ ಮುಟ್ಟಿತು. ಒಂದು ಬೆಳಿಗ್ಗೆ ಯಮನಪ್ಪ ತೆಂಗಿನಕಾಯಿ ಹಿಡಿದು ಬಂದು ನನ್ನ ಕಾಲಿಗೆ ಬಗ್ಗಿದ.

“ತಪ್ಪಾತ್ರಿ ಮಾಸ್ತರ. ಹರಕಿ ಅಂತ ಒಂದ ಮಾತ ಹೇಳಬಾರದಿತ್ತೇನ್ರಿ? ಹರಕಿ ಇದ್ದವರಿಗೆ ಶೇಂಗಾ ತಿನಿಸಿದ್ವಿ. ಮಲ್ಲಯ್ಯ ಸಿಟ್ಟಾದ. ಅದಕ್ಕ ನಿಮ್ಮ ಮುಖ ಬಾತು.”

“ನಾ ಅಲರ್ಜಿ ಅಂತ ಹೇಳಿದ್ದೆನಲ್ಲೋ!”

“ಅದು ಇಂಗ್ಲಿಷ್ ಮಾತ ಆತಲ್ರಿ. ಅದಕ್ಕ ಯಾರ ಅಂಜತಾರ?”

ನನ್ನ ಪರೀಕ್ಷೆಯ ರಿಪೋರ್ಟು ಮೂರು ವರ್ಷದಿಂದ ಕಪಾಟಿನಲ್ಲಿತ್ತು. ಅದನ್ನು ತೋರಿಸಿದರೆ ಇದೇ ಯಮನಪ್ಪ ಅದರಿಂದ ಗಾಳಿ ಬೀಸಿಕೊಂಡಿದ್ದ. ಈಗ ನಾನು ಕಣ್ಣಿಂದ ಸಹ ಕಾಣದ ಒಂದು ಕ್ಷೇತ್ರದ ಹೆಸರಿನಲ್ಲಿ ಅವನು ನನ್ನ ಮನೆಯ ನೆಲಕ್ಕೆ ಹಣೆ ಹಚ್ಚುತ್ತಿದ್ದ.

ಸಿಟ್ಟು ಬಂತು, ಖರೆ. ಆದರೆ ಸುಳ್ಳೇಕೆ ಹೇಳಲಿ, ಸುಖವೂ ಆಯಿತು. ಕಿತ್ತೂರಿನ ಒಂದು ಮದುವೆಯಲ್ಲಿ 'ಶ್ರೀಶೈಲದವರು' ಎಂದು ನನ್ನನ್ನು ಮೊದಲ ಪಂಕ್ತಿಯ ತುದಿಗೆ ಕೂಡಿಸಿ ಬೇರೆ ಪಾತ್ರೆಯಿಂದ ಬಡಿಸಿದರು. ಕೋಸಂಬರಿಯ ಮೇಲೆ ಅಡುಗೆಯವನು ಶೇಂಗಾ ಉದುರಿಸಿದ್ದಕ್ಕೆ ಮದುಮಗಳ ಸೋದರಮಾವ ಅವನ ಕೊರಳಪಟ್ಟಿ ಹಿಡಿದ. ನಮ್ಮ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಪಾದಯಾತ್ರೆಯ ಅನುಭವ ಹೇಳಿರಿ ಎಂದಾಗ, “ಅನುಭವ ಮಾತಿಗೆ ಸಿಗೂದಿಲ್ರಿ ಸರ” ಎಂದು ಬೋರ್ಡಿನ ಮೇಲೆ ಒಂದು ಗುಡ್ಡ ಬರೆದು ಇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇಂದಿಗೂ ಸುಖವಾಗಿರುತ್ತಿದ್ದೆ. ಒಂದು ದಿನ ಕೃಷ್ಣವ್ವ ಬಾಗಿಲಲ್ಲಿ ನಿಂತು, “ಯಾಕ ಬಿಟ್ಟ್ರಿ ಮಾಸ್ತರ? ಏನ ಬೇಡಕೊಂಡಿದ್ರಿ?” ಎಂದು ಕೇಳಿದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಮಗಳಿಗೆ ಒಂದ ಛಲೋ ಮನಿ ಸಿಗಲಿ ಅಂತ.”

ಕೃಷ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ದಿನದಲ್ಲಿ ಸುರೇಬಾನದಿಂದ ರಾಚಪ್ಪನವರ ಫೋನು ಬಂತು.

“ಬೀಗರ, ನಿಮ್ಮ ಹರಕಿ ಸುದ್ದಿ ಕೇಳಿ ನಮ್ಮವ್ವ ಅತ್ತಬಿಟ್ಲರಿ. ಮಗಳಿಗೆ ಮನಿ ಸಿಗೂತನಾ ಶೇಂಗಾ ಮುಟ್ಟೂದಿಲ್ಲ ಅಂದ್ರೇನು, ಸಣ್ಣ ಮಾತ? ಈಗ ಮನಿ ಸಿಕ್ಕತಲ್ರಿ. ನಿಶ್ಚಯದ ದಿವಸ ಎಲ್ಲಾರ ಮುಂದ ನಮ್ಮವ್ವ ತನ್ನ ಕೈಯಾರ ಶೇಂಗಾ ಹೋಳಿಗಿ ತಿನಿಸಿ ನಿಮ್ಮ ಹರಕಿ ಬಿಡಸ್ತಾಳ.”

ಕಟ್ಟೆಯ ಮೇಲೆ ನಿಂತವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಅವಸರ ಏನೈತ್ರಿ ರಾಚಪ್ಪನವರ? ಲಗ್ನ ಆಗಲಿ. ಮೊಮ್ಮಕ್ಕಳು ಹುಟ್ಟಲಿ. ಅವು ಸಾಲಿ ಕಲಿಲಿ…”

ರಾಚಪ್ಪನವರ ದನಿ ಬದಲಾಯಿತು.

“ಯಾಕ್ರಿ ಬೀಗರ, ಛಲೋ ಮನಿ ಸಿಗೂತನಾ ಅಂತ ಹರಕಿ ಹೊತ್ತವರು ಇನ್ನೂ ಬಿಡೂದಿಲ್ಲ ಅಂತೀರಂದ್ರ, ನಮ್ಮದು ಛಲೋ ಮನಿ ಅಲ್ಲೇನು?”

ಸಿಕ್ಕಿಬಿದ್ದೆ. ತಿಂದರೆ ನಾನು ಉಳಿಯುವುದಿಲ್ಲ. ತಿನ್ನದಿದ್ದರೆ ಸಂಬಂಧ ಉಳಿಯುವುದಿಲ್ಲ. ಒಳಗೆ ಐಶ್ವರ್ಯಾ ಮತ್ತೆ ಅದೇ ಹಾಡು ಗುನುಗುತ್ತಿರುವುದು ಕೇಳುತ್ತಿತ್ತು.

ಕಲ್ಮೇಶನದು ಸಲೀಸು ಉಪಾಯ. “ಬಾಯಾಗ ಇಟಕೊಂಡಂಗ ಮಾಡ್ರಿ ಮಾಮಾ, ನಾ ಮಗ್ಗಲಕ್ಕ ಟಾವೆಲ್ ಹಿಡಕೊಂಡ ಕುಂದರತೇನಿ, ಅದರಾಗ ಉಗಳ್ರಿ.”

ದಸ್ತಗೀರಸಾಬರು ಬೇರೆ ಮಾತು ಹೇಳಿದರು. “ಖರೆ ಹೇಳಿಬಿಡ್ರಿ ಮಾಸ್ತರ. ಸುರೇಬಾನದಿಂದ ರಾಮದುರ್ಗ ದವಾಖಾನಿಗೆ ನಾ ಎಷ್ಟ ಜೋರ ಹೊಡದ್ರೂ ನಿಮ್ಮ ಗಂಟಲ ನನಗಿಂತ ಜೋರ ಐತಿ.”

ಎರಡೂ ನನಗೆ ಒಗ್ಗಲಿಲ್ಲ. ನಾನು ಮಧ್ಯಮ ಮಾರ್ಗ ಹಿಡಿದೆ. ಬೆಳಗಾವಿಗೆ ಹೋಗಿ ಡಾಕ್ಟರಿಂದ ಒಂದು ಚೀಟಿ ಬರೆಸಿ, ಠಸ್ಸೆ ಹಾಕಿಸಿಕೊಂಡು ಬಂದೆ. ಹರಕೆಯೂ ಉಳಿಯಲಿ, ಜೀವವೂ ಉಳಿಯಲಿ, ಈಗ ಹೊಸದಾಗಿ ಡಾಕ್ಟರು ಬೇಡ ಅಂದರು ಎಂದರಾಯಿತು.

ನಿಶ್ಚಯದ ದಿನ ಸುರೇಬಾನದ ಮನೆಯ ಮುಂದೆ ಹಂದರ ಹಾಕಿ ಇನ್ನೂರು ಮಂದಿ ಸೇರಿದ್ದರು. ನಡುವೆ ನನ್ನದೊಂದು ಮಣೆ. ಮಣೆಯ ಮುಂದೆ ಪರಾತದಲ್ಲಿ ಗೋಪುರದ ಹಾಗೆ ಶೇಂಗಾ ಹೋಳಿಗೆ. ವಾಸನೆಗೇ ನನ್ನ ಕಿವಿ ಬಿಸಿಯಾದವು. ಚೀಟಿ ತೆಗೆದು ರಾಚಪ್ಪನವರ ಕೈಗೆ ಕೊಟ್ಟೆ.

“ಇದನ್ನೊಂದಿಷ್ಟ ಓದಸ್ರಿ ಬೀಗರ.”

ಅವರು ಅದನ್ನು ಊರಿನ ನಿವೃತ್ತ ಪೋಸ್ಟ್‌ಮಾಸ್ತರರಿಗೆ ಕೊಟ್ಟರು. ಮುದುಕರು ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿದರು. “ಶ್ರೀಶೈಲ. ಸ್ಟ್ರಿಕ್ಟ್‌ಲಿ ನೋ ಗ್ರೌಂಡ್‌ನಟ್.”

“ಅಂದ್ರ?” ಎಂದರು ರಾಚಪ್ಪನವರು.

“ಶ್ರೀಶೈಲದಾಗ ಇವರು ಕಡ್ಡಾಯ ಶೇಂಗಾ ಬಿಟ್ಟಾರ ಅಂತ. ಕೆಳಗ ಡಾಕ್ಟರ್ ಸಹಿ ಐತಿ, ಠಸ್ಸಿ ಐತಿ.”

“ನೋಡ್ರಿ! ಹರಕಿಗೆ ಡಾಕ್ಟರ್ ಸಾಕ್ಷಿ!” ಎಂದು ಹಂದರವೆಲ್ಲ ಉದ್ಗಾರ ತೆಗೆಯಿತು. ಚೀಟಿ ಕೈಯಿಂದ ಕೈಗೆ ಹೋಗಿ, ಎಲ್ಲರೂ ಕಣ್ಣಿಗೆ ಒತ್ತಿಕೊಂಡು, ಕಡೆಗೆ ದೇವರ ಮನೆ ಸೇರಿತು.

ಸೋಮವ್ವ ತುಪ್ಪ ಸೋರುವ ಹೋಳಿಗೆ ಮುರಿದು ನನ್ನ ತುಟಿಯ ಹತ್ತಿರ ತಂದರು. ಕಲ್ಮೇಶ ಟಾವೆಲಿನಿಂದ ನನ್ನ ಪಕ್ಕೆಗೆ ತಿವಿದ. ಐದು ಜನ ಮುತ್ತೈದೆಯರು ಆರತಿ ಎತ್ತಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಮಣೆಯಿಂದ ಎದ್ದು ನಿಂತೆ.

“ನಾ ಶ್ರೀಶೈಲಕ್ಕ ಹೋಗೇ ಇಲ್ರಿ!”

ಆರತಿ ಅರ್ಧಕ್ಕೇ ನಿಂತಿತು.

“ಮತ್ತ ಶೇಂಗಾ ಎಲ್ಲಿ ಬಿಟ್ಟ್ರಿ?” ಎಂದರು ಪೋಸ್ಟ್‌ಮಾಸ್ತರರು.

“ಬೆಳಗಾವ್ಯಾಗ!”

“ಬೆಳಗಾವ್ಯಾಗ ಯಾವ ದೇವರು?”

“ದೇವರಲ್ರಿ, ಡಾಕ್ಟರು! ಶ್ರೀಶೈಲ ಅನ್ನೂದು ನನ್ನ ಹೆಸರ್ರಿ! ನನಗ ಶೇಂಗಾ ಆಗೂದಿಲ್ಲ. ತಿಂದ್ರ ಗಂಟಲ ಮುಚ್ಚತೈತಿ, ಸಾಯತೇನಿ. ಮೂರ ವರ್ಷ ಬಾಯಿ ಬಡಕೊಂಡೆ. ಒಬ್ಬಾಂವ ನಕ್ಕ, ಒಬ್ಬಾಕಿ ಪುಡಿ ಹಾಕಿದ್ಲು, ಒಬ್ಬಾಂವ ನಿಮ್ಮ ಮನಿಗೆ ಹೋಗಿ ಸಾಯ್ರಿ ಅಂದ. ನೀವು ಒಬ್ಬರು ಬ್ಯಾರೆ ಪಾತ್ರ್ಯಾಗ ಮಾಡಿ ಹಾಕಿದ್ರಿ, ಅದೂ ತಪ್ಪ ತಿಳಕೊಂಡು! ಹಸದಿದ್ದೆ. ಹೂಂ ಅಂದೆ. ಅಷ್ಟ ನನ್ನ ತಪ್ಪು!”

ರಾಚಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದರು. ಮುಖ ಕೆಂಪಾಗಿತ್ತು.

“ದೇವರ ಹೆಸರಿಲೆ ಸುಳ್ಳ ಹೇಳಿ ನಮ್ಮವ್ವನ ಕಡಿಂದ ಕಾಲ ತೊಳಿಸ್ಕೊಂಡ್ರಿ. ಇಂಥಾ ಮಂದಿ ಕೂಡ ನಾವು ಸಂಬಂಧ ಮಾಡಬೇಕೇನು?”

“ಅಪ್ಪಾ…” ಎಂದ ಅರ್ಜುನ.

“ನೀ ಬಾಯಿ ಮುಚ್ಚು!”

ಐಶ್ವರ್ಯಾ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ. ಮಂದಿ ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು. ನನ್ನ ಮಗಳ ಸಂಬಂಧ ಒಂದು ಶೇಂಗಾ ಹೋಳಿಗೆಯ ಸಲುವಾಗಿ ಮುರಿದುಬೀಳುತ್ತಿತ್ತು.

ಸೋಮವ್ವ ಮಾತ್ರ ಕೂತಲ್ಲೇ ಇದ್ದರು. ಕೈಯಲ್ಲಿದ್ದ ಹೋಳಿಗೆಯನ್ನು ಪರಾತಕ್ಕೆ ಹಾಕಿದರು.

“ಖರೇನ ಇದನ್ನ ತಿಂದ್ರ ಸಾಯತೀರೇನು?”

“ಖರೇ ರೀ ಅವ್ವಾರ.”

“ಎಷ್ಟ ದಿವಸ ಆತು, ಮಂದಿ ನಿಮ್ಮ ಮಾತ ನಂಬಲಾರದ?”

“ಮೂರ ವರ್ಷ ಆತ್ರಿ.”

“ಮೂರ ವರ್ಷಕ್ಕ ಇಷ್ಟ ಸಿಟ್ಟೇನು?” ಸೋಮವ್ವ ಒಮ್ಮೆ ಎಲ್ಲರನ್ನೂ ನೋಡಿದರು. ಅವರ ದನಿ ಏರಿತು. “ನಾ ಹದಿನಾರ ವರ್ಷದಾಕಿ ಈ ಮನಿಗೆ ಬಂದೆ. ನನಗ ಬದನಿಕಾಯಿ ಆಗೂದಿಲ್ಲ. ತಿಂದ್ರ ಬಾಯಿ ತುಂಬ ಗುಳ್ಳಿ. ಅತ್ತಿಗೆ ಹೇಳಿದೆ. ತವರಮನ್ಯಾಗ ನಾಲಗಿಗೆ ಸೊಕ್ಕ ಕಲಿಸ್ಯಾರ ಅಂದ್ಲು. ಅರವತ್ತೆರಡ ವರ್ಷ! ವಾರಕ್ಕ ಎರಡ ಸಲ ಬದನಿಕಾಯಿ ಮಾಡೇನಿ, ಉಳದದ್ದ ನಾನ ತಿಂದೇನಿ.”

ರಾಚಪ್ಪನವರು ಮೆತ್ತಗಾದರು. “ಯವ್ವಾ, ಅಜ್ಜಿ ಸತ್ತ ಮ್ಯಾಲಾದ್ರೂ ನನಗ ಹೇಳಬಾರದಿತ್ತೇನ?”

“ಯಾಕ ಹೇಳಲಿ? ಡಾಕ್ಟರ್ ಠಸ್ಸಿ ಹಾಕಿಸ್ಕೊಂಡ ಬಂದ ಗಂಡಸನ್ನ ನಂಬೂದಿಲ್ಲ ನೀವು, ನನ್ನ ನಂಬತಿದ್ರೇನು?”

ರಾಚಪ್ಪನವರು ಕುಳಿತರು. ಚಪ್ಪಲಿ ಸಿಕ್ಕವರೂ ಅವನ್ನು ಬಿಟ್ಟು ಒಳಗೆ ಬಂದರು. ಸೋಮವ್ವ ಪರಾತವನ್ನು ಒಳಗೆ ಒಯ್ಯಲು ಹೇಳಿ ಸಕ್ಕರೆ ಬಟ್ಟಲು ತರಿಸಿದರು. ಆಮೇಲೆ ನನ್ನ ಮಗಳನ್ನು ಹತ್ತಿರ ಕರೆದು ಕೂಡಿಸಿಕೊಂಡರು.

“ತಂಗಿ, ನಿನಗ ಏನ ತಿಂದ್ರ ಆಗೂದಿಲ್ಲ, ಈಗ ಹೇಳು. ಲಗ್ನಕ್ಕ ಮೊದಲ ಹೇಳು. ಎಲ್ಲಾರ ಮುಂದ ಹೇಳು.”

ಐಶ್ವರ್ಯಾ ತಲೆ ಎತ್ತಿದಳು. “ಹಾಲು, ಅಜ್ಜಿ. ಕುಡದ್ರ ಹೊಟ್ಟಿ ಉಬ್ಬಿ ಕಿವಿಚತೈತಿ.”

ನನಗೆ ದಿಗಿಲಾಯಿತು. ಅವಳಿಗೆ ಐದು ವರ್ಷವಾದಾಗಿನಿಂದ ದಿನಾ ಬೆಳಿಗ್ಗೆ ಎದುರು ನಿಂತು ದೊಡ್ಡ ಲೋಟ ಹಾಲು ಕುಡಿಸಿದವನು ನಾನು. ಅಳುತ್ತಿದ್ದಳು, ಅದು ಹಟ ಅನ್ನುತ್ತಿದ್ದೆ. ನನ್ನ ಸಿಟ್ಟು ಮತ್ತೆ ಕೆರಳಿತು. ಗಂಗಾಳ ಕಡೆ ತಿರುಗಿದೆ.

“ನೋಡಿದಿ? ಮನ್ಯಾಗ ಒಬ್ಬರೂ ನನಗ ಏನೂ ಹೇಳೂದಿಲ್ಲ!”

“ನನಗ ಎಳ್ಳು ಆಗೂದಿಲ್ಲ” ಎಂದಳು ಗಂಗಾ.

ಎಳ್ಳು! ನಾನು ಶೇಂಗಾ ಬಿಟ್ಟಂದಿನಿಂದ ನಮ್ಮ ಮನೆಯ ಚಟ್ನಿಗೆ ಎಳ್ಳು, ಪಲ್ಯಕ್ಕೆ ಎಳ್ಳು, ಬದನೆಕಾಯಿಯ ಹೊಟ್ಟೆಗೆ ಎಳ್ಳು, ಹಬ್ಬಕ್ಕೆ ಎಳ್ಳು ಹೋಳಿಗೆ. ನಾನೇ ಕಿಲೋಗಟ್ಟಲೆ ತಂದು ಹಾಕಿದ್ದೆ.

“ತಿಂದ ದಿವಸ ಮೈಯೆಲ್ಲಾ ತುರಿಕಿ ಬಿಡತೈತಿ” ಎಂದಳು.

“ಮೂರ ವರ್ಷದಿಂದ? ಮತ್ತ ನನಗ್ಯಾಕ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ಉತ್ತರ ಕೊಡಲು ಬಾಯಿ ತೆರೆದೆ. ಸೋಮವ್ವ ಅದಕ್ಕೇ ಕಾದಿದ್ದವರ ಹಾಗೆ, “ಹಾಂ, ಹಂಗ ತಗೀರಿ ಬೀಗರ, ಸಕ್ಕರಿ ನಡಿತೈತಲ್ಲ?” ಎಂದು ಒಂದು ಮುಷ್ಟಿ ಸಕ್ಕರೆ ತುರುಕಿದರು. ನಿಶ್ಚಯವಾಯಿತೆಂದು ಇನ್ನೂರು ಮಂದಿ ಅಕ್ಕಿಕಾಳು ಹಾಕಿದರು. ಐಶ್ವರ್ಯಾ ನಕ್ಕಳು. ನಾನು ಸಕ್ಕರೆ ಅಗಿಯುತ್ತ ಗಂಗಾಳ ಕೈ ನೋಡಿದೆ. ಮೊಣಕೈಯಿಂದ ಮುಂಗೈಯ ತನಕ ಕೆರೆದ ಗೀರುಗಳಿದ್ದವು. ಇಷ್ಟು ದಿನ ಅವನ್ನು ಬಳೆ ತಾಗಿದ ಗುರುತು ಅಂದುಕೊಂಡಿದ್ದೆ.